ಜೋಡಿಕೀಲಿ

ನಿಮ್ಮ ಬಂದೂಕು ಹಾರಬೇಕಾದರೆ ನಿಮ್ಮ ಶತ್ರು ಬದುಕಿರಬೇಕು, ಅದೂ ನಿಮ್ಮಿಂದ ಮೂವತ್ತು ಹೆಜ್ಜೆಯೊಳಗೇ ಇರಬೇಕು ಎಂದಾದರೆ ಏನಾಗುತ್ತದೆ? ಈ ಪ್ರಶ್ನೆ ಮೊದಲು ಹೊಳೆದದ್ದು ನನಗೆ. ಹೊಳೆದ ದಿನ ಮೂರು ಕಪ್ ಚಹಾ ಕುಡಿದು, ಕೋಣೆಯ ತುಂಬ ಓಡಾಡಿ, ಹೆಂಡತಿಯನ್ನು ಎಬ್ಬಿಸಿ ಹೇಳಿದ್ದೆ. ಅಷ್ಟು ಹೆಮ್ಮೆಯಾಗಿತ್ತು.

ನಾನು ಬಸಲಿಂಗಪ್ಪ ಹುಲಕುಂದ, ಬಾಗಲಕೋಟೆ ಕಡೆಯವನು. ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಬಂದೂಕು ಬಿಚ್ಚಿ ಜೋಡಿಸಿದ್ದೇ ನನ್ನ ವಿದ್ಯೆ. ನಿವೃತ್ತಿಯ ನಂತರ ಬಂದೂಕಿಗೆ ಕೂಡಿಸುವ ಎಲೆಕ್ಟ್ರಾನಿಕ್ ಬೀಗಗಳ ಹುಚ್ಚು ಹಿಡಿಯಿತು. ಆ ಹುಚ್ಚೇ ನನ್ನನ್ನು ಸಿರ್ಮಾನ್ ಎಂಬ ದೇಶಕ್ಕೆ ಕರೆದೊಯ್ದದ್ದು. ಹತ್ತಾರು ದೇಶಗಳು ಸೇರಿ ಅಲ್ಲಿ ಹೊಸ ಸೇನೆ ಕಟ್ಟಲು ಒಂದು ಆಯೋಗ ಮಾಡಿದ್ದವು. ಹಳೆಯ ಸೇನೆ ಒಂದು ಬೆಳಿಗ್ಗೆ ಎರಡು ಹೋಳಾಗಿ, ಅದೇ ಬಂದೂಕು ಹಿಡಿದು ಒಬ್ಬರ ಮೇಲೊಬ್ಬರು ಬಿದ್ದು ಹನ್ನೊಂದು ವರ್ಷವಾಗಿತ್ತು.

ಅಲ್ಲಿಯ ಜನರೆಲ್ಲ ಒಬ್ಬನೇ ಸಂತನ ಭಕ್ತರು. ಸಂತ ಬಾವಿಗಿಳಿದು ಮರೆಯಾದ ಎನ್ನುವವರು ಬಾವಿಯವರು. ಬೆಳಕಾಗಿ ಕರಗಿಹೋದ ಎನ್ನುವವರು ದೀಪದವರು. ಆತ ಬದುಕಿದ್ದಾಗ ಏನು ಹೇಳಿದ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ, ಹೇಗೆ ಹೋದ ಎಂಬುದಕ್ಕೆ ಮಾತ್ರ ಲಕ್ಷಗಟ್ಟಲೆ ಹೆಣ ಬಿದ್ದಿದ್ದವು. ಅವರನ್ನು ನೋಡಿ ನಗಬೇಡಿ. ನಾನೂ ಮೊದಲು ನಕ್ಕಿದ್ದೆ, ಆಮೇಲೆ ನಮ್ಮೂರು ನೆನಪಾಗಿ ಸುಮ್ಮನಾದೆ.

ಹೊಸ ಸೇನೆಗೆ ಬಂದೂಕು ಕೊಡಲು ಎಲ್ಲರಿಗೂ ಅಂಜಿಕೆ. ನಾಳೆ ಇದೂ ಒಡೆದರೆ ಏನು ಗತಿ? ಅದಕ್ಕೆ ನನ್ನ ಉತ್ತರವೇ ಜೋಡಿಕೀಲಿ. ಒಬ್ಬ ಬಾವಿಯವನಿಗೆ ಒಬ್ಬ ದೀಪದವನನ್ನು ಜೋಡಿ ಮಾಡುವುದು. ಇಬ್ಬರ ಮಣಿಕಟ್ಟಿಗೂ ಒಂದೊಂದು ಪಟ್ಟಿ. ಪಟ್ಟಿಯೊಳಗೆ ಅದನ್ನು ತೊಟ್ಟವನ ಹೆಸರು ಮತ್ತು ಪಂಗಡ ಅಳಿಸದಂತೆ ಬರೆದಿರುತ್ತದೆ. ಪಟ್ಟಿ ನಾಡಿ ಓದುತ್ತದೆ, ಬಂದೂಕು ತನ್ನನ್ನು ಹಿಡಿದ ಕೈಯ ಪಟ್ಟಿಯ ಮಾತು ಕೇಳುತ್ತದೆ. ಎರಡೂ ನಾಡಿ ಮಿಡಿಯುತ್ತಿದ್ದು, ನಡುವಿನ ದೂರ ಮೂವತ್ತು ಹೆಜ್ಜೆ ಮೀರದಿದ್ದರೆ ಎರಡೂ ಬಂದೂಕಿನ ಬೀಗ ತೆರೆಯುತ್ತದೆ. ಜೋಡಿ ದೂರ ಹೋದರೆ, ಇಲ್ಲವೇ ಸತ್ತರೆ, ಕೈಯಲ್ಲಿರುವುದು ಬರೀ ಕಬ್ಬಿಣ. ಜ್ವರ, ದಣಿವು, ಹೆದರಿಕೆಗಳಲ್ಲಿ ಮನುಷ್ಯನ ನಾಡಿಯ ಲಯ ಬದಲಾಗುವುದರಿಂದ ಒಂದು ಸಡಿಲ ಬಿಟ್ಟಿದ್ದೆ. ಪಟ್ಟಿ ಮೂರು ದಿನ ಬಿಡದೆ ಕೈಯಲ್ಲಿದ್ದರೆ ಆ ನಾಡಿಯನ್ನೇ ತನ್ನದೆಂದು ಹೊಸದಾಗಿ ಕಲಿಯುತ್ತಿತ್ತು.

ಮೊದಲ ತಿಂಗಳು ಬ್ಯಾರಕ್ಕಿನಲ್ಲಿ ಯಾರೂ ಬೆನ್ನು ತಿರುಗಿಸಿ ಮಲಗಲಿಲ್ಲ. ಎರಡನೆಯ ತಿಂಗಳು ಒಬ್ಬ ದೀಪದ ಹುಡುಗನಿಗೆ ವಾಂತಿಭೇದಿ ಹತ್ತಿದಾಗ ಅವನ ಜೋಡಿ ರಾತ್ರಿಯಿಡೀ ಉಪ್ಪುಸಕ್ಕರೆ ನೀರು ಕುಡಿಸಿದ. ಪ್ರೀತಿಯಿಂದಲ್ಲ, ತನ್ನ ಬಂದೂಕಿನ ಚಿಂತೆಯಿಂದ. ಆಯೋಗದ ಅಧ್ಯಕ್ಷರು ಅದನ್ನೇ ವರದಿಯಲ್ಲಿ ಬರೆದು ನನ್ನ ಬೆನ್ನು ತಟ್ಟಿದರು.

ಬೆನ್ನು ತಟ್ಟಿದ ಕೈಯೇ ಇನ್ನೊಂದನ್ನೂ ಮಾಡಿಸಿಕೊಂಡಿತು. ಸೇನೆ ದಂಗೆಯೆದ್ದರೆ ಒಂದು ಪಂಗಡದ ಬಂದೂಕುಗಳನ್ನಷ್ಟೇ ಒಂದೇಟಿಗೆ ಮುಚ್ಚಿ, ಇನ್ನೊಂದು ಪಂಗಡದವು ಜೋಡಿಯಿಲ್ಲದೆಯೂ ಹಾರುವಂತೆ ಮಾಡುವ ಗುಪ್ತ ಗುಂಡಿ. ಪಂಗಡ ಬೀಗ ಎಂದು ಅದಕ್ಕೆ ಹೆಸರು. ಅದಕ್ಕೆ ಮೂರು ಸಂಕೇತಗಳು. ಒಂದು ಅಧ್ಯಕ್ಷರದು, ಒಂದು ಬ್ರಿಗೇಡಿಯರ್ ಹರ್ಶೂನರದು, ಒಂದು ನನ್ನದು. ಮೂರರಲ್ಲಿ ಎರಡು ಸೇರಿದರೆ ಸಾಕು. ನಾನು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ನಾನೂ ನನ್ನ ಹೆಂಡತಿ ನೀಲಾಂಬಿಕೆಯೂ ರಾಜಧಾನಿಯಲ್ಲಿ ಹೊಳೆಯ ಸೇತುವೆಗೆ ಹತ್ತಿರದ ಬಾವಿಯವರ ಓಣಿಯಲ್ಲಿ, ಸುಲ್ವಾ ಎಂಬ ವಿಧವೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ಸೇತುವೆಯಾಚೆ ದೀಪದವರ ಪೇಟೆ. ಆರು ತಿಂಗಳಲ್ಲಿ ನೀಲಾ ಅಲ್ಲಿಯ ಭಾಷೆಯನ್ನು ನನಗಿಂತ ಚೆನ್ನಾಗಿ ಕಲಿತಳು. ಅವರ ಮಾತು ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬೀಳುತ್ತಿತ್ತು, ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಸುಲ್ವಾಳ ಹಿರಿಯ ಮಗನನ್ನು ದೀಪದವರು ಚೆಕ್‌ಪೋಸ್ಟಿನಲ್ಲಿ ಬಸ್ಸಿನಿಂದ ಇಳಿಸಿಕೊಂಡು ಕೊಂದಿದ್ದರು. ಮಣಿಕಟ್ಟಿನಲ್ಲಿ ನೀಲಿ ದಾರ ಇತ್ತೆಂಬುದಷ್ಟೇ ಕಾರಣ. ಬಾವಿಯವರು ಕಟ್ಟುವುದು ನೀಲಿ, ದೀಪದವರು ಹಳದಿ. ಉಳಿದ ಒಬ್ಬ ಮಗ ಇಲ್ದಾರ್ ನಮ್ಮ ಬೆಟಾಲಿಯನ್ನಿನಲ್ಲಿ ಸಿಪಾಯಿ. ಮನೆಗೆ ಸೇರಿದ ಮೊದಲ ವಾರದಲ್ಲೇ ಆಕೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು.

"ಅಣ್ಣಾರ, ನನ್ನ ಮಗನ ಕೈಗೆ ಕಟ್ಟಿದ್ದು ನಿಮ್ಮ ಯಂತ್ರ ಅಂತಲ್ಲ?"

"ಹೌದ್ರಿ."

"ಅವನ ಮಗ್ಗಲಕ ಮಲಗಾವ ದೀಪದಾವ. ನನ್ನ ಹಿರೇಮಗನ್ನ ತಿಂದಾವ್ರ ಪೈಕಿ. ನಿಮ್ಮ ಯಂತ್ರ ಇವನ್ನ ಉಳಸ್ತೈತೇನು?"

"ಆ ದೀಪದ ಹುಡುಗಗ ಇವನ ಜೀವ ಬೇಕ್ರಿ. ಇಲ್ಲಂದ್ರ ಅವನ ಬಂದೂಕು ಹಾರೂದಿಲ್ಲ."

"ಜೀವ ಬೇಕಂತ ಒಬ್ಬರಿಗೊಬ್ಬರು ಇರೂದು ಬ್ಯಾರೆ, ಬಂದೂಕಿಗೆ ಬೇಕಂತ ಇರೂದು ಬ್ಯಾರೆ" ಎಂದು ಆಕೆ ಒಳಗೆ ಹೋದಳು. ಉಳಿದ ಮಗ ಮನೆಗೆ ಬರಬೇಕು, ಅಷ್ಟೇ ಆಕೆಗೆ ಬೇಕಿದ್ದದ್ದು. ಸೇನೆ, ದೇಶ, ಆಯೋಗ ಯಾವುದೂ ಆಕೆಯ ಲೆಕ್ಕದಲ್ಲಿರಲಿಲ್ಲ.

ಏಳನೆಯ ತಿಂಗಳಲ್ಲಿ ಕಂಟ್ರೋಲ್ ರೂಮಿನ ದಾಖಲೆಯಲ್ಲಿ ನನಗೊಂದು ವಿಚಿತ್ರ ಕಂಡಿತು. ರಜೆ ಮುಗಿಸಿ ಬಂದ ಸಿಪಾಯಿಗಳ ಪಟ್ಟಿಗಳು ಹೊಸ ನಾಡಿ ಕಲಿತಿವೆ ಎಂದು ತೋರಿಸುತ್ತಿದ್ದವು. ಒಂದೆರಡಾದರೆ ಜ್ವರ ಎನ್ನಬಹುದು. ಆದರೆ ಜೋಡಿ ಜೋಡಿಯಾಗಿಯೇ, ಅದೇ ಮೂರು ದಿನಗಳಲ್ಲಿ, ಆರುನೂರು ಜೋಡಿಗಳಲ್ಲಿ ಮುನ್ನೂರ ಹನ್ನೆರಡು ಜೋಡಿ. ಪಟ್ಟಿಗಳನ್ನು ತರಿಸಿ ಬಿಚ್ಚಿ ನೋಡಿದೆ. ಎಲ್ಲವೂ ಸರಿಯಾಗಿದ್ದವು. ತಪ್ಪು ಎಲ್ಲಿದೆಯೋ ತಿಳಿಯದೆ ತಲೆ ಕೆಟ್ಟುಹೋಯಿತು.

ಆ ಶುಕ್ರವಾರ ಮಧ್ಯಾಹ್ನ ಇಲ್ದಾರ್ ರಜೆಯ ಮೇಲೆ ಬಂದ. ಜೊತೆಗೆ ಅವನ ಜೋಡಿ ತೋಮಿರ್, ಎತ್ತರದ, ನಾಚಿಕೆಯ ದೀಪದ ಹುಡುಗ. ಸುಲ್ವಾ ಅವನ ಮುಖ ನೋಡಲಿಲ್ಲ. ಬಾರ್ಲಿ ರೊಟ್ಟಿ, ಹುರುಳಿಯ ಸಾರು ತಟ್ಟೆಗೆ ಹಾಕಿ ನೆಲದ ಮೇಲೆ ದೂಡಿದಳು. ನೀಲಾಳನ್ನೂ ನನ್ನನ್ನೂ ಊಟಕ್ಕೆ ಕರೆದದ್ದು ಪ್ರೀತಿಗಲ್ಲ, ಆ ಹುಡುಗನ ಜೊತೆ ಒಂದೇ ಮನೆಯಲ್ಲಿ ತಾನೊಬ್ಬಳೇ ಇರಲಾಗದೆ ಎಂದು ನನಗನಿಸಿತು.

ಹುಡುಗರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಉಂಡಾದ ಮೇಲೆ ತೋಮಿರ್ ತನ್ನ ಪಟ್ಟಿ ಬಿಚ್ಚಿ ಇಲ್ದಾರನ ಕೈಗೆ ಕಟ್ಟಿದ. ಇಲ್ದಾರ್ ತನ್ನದನ್ನು ಬಿಚ್ಚಿ ತೋಮಿರನ ಕೈಗೆ ಕಟ್ಟಿದ. ನಾನು ಕೈಯ ತುತ್ತನ್ನು ತಟ್ಟೆಗೆ ಹಾಕಿ ಅವರ ಕಡೆ ತಿರುಗಿದೆ.

"ಏನ ಮಾಡಾಕತ್ತೀರಿ?"

ತೋಮಿರ್ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. "ತಟ್ಟಿ ತಮ್ಮರಾದ್ವಿ, ಮಾಸ್ತರ್ರ."

ಆ ದೇಶದಲ್ಲಿ ಇದು ಎರಡೂ ಪಂಗಡದವರ ಹಳೆಯ ಪದ್ಧತಿ. ಹುಟ್ಟಿನಿಂದ ಅಣ್ಣತಮ್ಮಂದಿರಲ್ಲದ ಇಬ್ಬರು ಒಂದೇ ತಟ್ಟೆಯಲ್ಲಿ ಉಂಡು, ಕೈಯ ದಾರ ಅದಲುಬದಲು ಮಾಡಿಕೊಂಡರೆ ಸಾಯುವತನಕ ತಮ್ಮಂದಿರು. ಆಯೋಗದವರು ಬಹಳ ಬುದ್ಧಿ ಓಡಿಸಿ ದಾರ ಕಟ್ಟುವುದನ್ನೇ ಸೇನೆಯಲ್ಲಿ ನಿಷೇಧಿಸಿದ್ದರು. ಮಣಿಕಟ್ಟಿನಲ್ಲಿ ನಮ್ಮ ಪಟ್ಟಿಯ ಹೊರತು ಏನೂ ಇರಕೂಡದು. ದಾರವಿಲ್ಲದ ಮೇಲೆ ಹುಡುಗರು ಕೈಯಲ್ಲಿ ಇದ್ದದ್ದನ್ನೇ ಬದಲಾಯಿಸಿಕೊಂಡಿದ್ದರು. ಮುನ್ನೂರ ಹನ್ನೆರಡು ಜೋಡಿಗಳ ಲೆಕ್ಕ ನನಗೆ ಅಲ್ಲೇ ಕೂತಲ್ಲೇ ಸಿಕ್ಕಿತು. ಖುಷಿಯೂ ಆಯಿತು, ಪಂಗಡ ಬೀಗ ನೆನಪಾಗಿ ಅಂಜಿಕೆಯೂ ಆಯಿತು.

ಸುಲ್ವಾಳ ಮುಖ ಕೆಂಪಾಗಿತ್ತು. "ನನ್ನ ಒಂದ ಮಾತು ಕೇಳಲಿಲ್ಲ" ಎಂದಳು ಮಗನಿಗೆ. "ನನ್ನ ಮನ್ಯಾಗ, ನನ್ನ ತಟ್ಟ್ಯಾಗ. ನಿಮ್ಮಣ್ಣ ಹೋಗಿ ಎಷ್ಟ ವರ್ಷಾತು, ಹೇಳು."

ತೋಮಿರ್ ತಟ್ಟೆ ತೊಳೆಯಲು ಎದ್ದ. ಸುಲ್ವಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು.

ಮಾಳಿಗೆಗೆ ಬಂದು ನೀಲಾಳಿಗೆ ಎಲ್ಲ ಹೇಳಿದೆ. ಪಂಗಡ ಬೀಗದ ಗುಟ್ಟನ್ನೂ ಹೇಳಿದೆ, ಅಲ್ಲಿಯವರೆಗೆ ಹೇಳಿರಲಿಲ್ಲ.

"ಪಟ್ಟಿ ಬದಲಾದ್ರ ದಿನಾ ನಡ್ಯೂದಕ್ಕ ಏನೂ ಧಕ್ಕಿ ಇಲ್ಲ" ಎಂದೆ. "ಜೋಡಿ ಜೋಡೀನ ಇರ್ತಾರ. ಆದ್ರ ಪಂಗಡ ಬೀಗ ಒತ್ತಿದ್ರ ಬಾವಿಯಾವನ ಬದ್ಲಿ ದೀಪದಾವಂದು ಬಂದಾಗ್ತೈತಿ. ವರದಿ ಮಾಡಬೇಕು."

"ಮಾಡಿದ್ರ ಹುಡುಗ್ರಿಗೆ ಏನಾಗ್ತೈತ್ರಿ?"

"ಪಟ್ಟಿ ಮುಟ್ಟಿದ್ರ ಐದು ವರ್ಷ ಜೈಲು. ಅರ್ಧಕ್ಕರ್ಧ ಬೆಟಾಲಿಯನ್ ಒಳಗ ಹೋಗ್ತೈತಿ."

"ಅಣ್ಣತಮ್ಮರಾದದ್ದಕ್ಕ ಜೈಲು." ನೀಲಾ ಬಟ್ಟೆ ಮಡಚುತ್ತಲೇ ಇದ್ದಳು. "ಅದಕ್ಕ ಅಲ್ಲೇನ್ರಿ ನೀವು ಇಲ್ಲಿಗೆ ಬಂದದ್ದು? ಮತ್ತ ಆ ಗುಂಡಿ ಇಟ್ಟಾವ್ರು ಯಾರು?"

"ನಾನ."

"ಹಂಗಾರ ಮೊದ್ಲ ಅದನ್ನ ತಗೀರಿ."

ತೆಗೆಯಲು ಅಧ್ಯಕ್ಷರ ಒಪ್ಪಿಗೆ ಬೇಕಿತ್ತು. ಅರ್ಜಿ ಬರೆದೆ, ಕಾರಣ ಬರೆಯಲಿಲ್ಲ. ಕಾರಣವಿಲ್ಲದ ಅರ್ಜಿ ಅವರ ಮೇಜಿನ ಮೇಲೆ ಮೂರು ವಾರ ಬಿದ್ದಿತ್ತು. ಧೈರ್ಯವಿದ್ದವನು ಕಾರಣ ಹೇಳಿ ಹುಡುಗರ ಪರವಾಗಿ ನಿಲ್ಲುತ್ತಿದ್ದ. ಧೈರ್ಯವಿಲ್ಲದವನು ವರದಿ ಮಾಡಿ ಕೈತೊಳೆದುಕೊಳ್ಳುತ್ತಿದ್ದ. ನಾನು ಎರಡೂ ಮಾಡದೆ ಕಾಯುತ್ತ ಕೂತೆ. ಈಗಲೂ ಅದೊಂದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಸಂತನ ದಿನ ಬಂತು. ದೀಪದವರ ಮೆರವಣಿಗೆ ಬೆಳಿಗ್ಗೆ, ಬಾವಿಯವರದು ಮಧ್ಯಾಹ್ನ ಎಂದು ನಿಗದಿಯಾಗಿತ್ತು. ಸೇತುವೆಯ ಮೇಲೆ ನಮ್ಮ ಇನ್ನೂರು ಜನ ಸಾಲಾಗಿ ನಿಂತಿದ್ದರು. ಹೊಸ ಸೇನೆ ಜನರ ಎದುರು ನಿಂತದ್ದು ಅದೇ ಮೊದಲು. ಕಂಟ್ರೋಲ್ ರೂಮಿನಲ್ಲಿ ಬ್ರಿಗೇಡಿಯರ್ ಹರ್ಶೂನ್, ನಾನು, ಇಬ್ಬರು ಆಪರೇಟರುಗಳು. ಎದುರಿನ ಸ್ಕ್ರೀನಿನಲ್ಲಿ ಒಬ್ಬೊಬ್ಬನ ಹೆಸರು, ಅದರ ಮುಂದೆ ಅವನ ನಾಡಿ.

ಹತ್ತೂವರೆಗೆ ದೀಪದವರ ಮೆರವಣಿಗೆಯ ನಡುವೆ ಬಾಂಬ್ ಸಿಡಿಯಿತು.

ಡ್ರೋನ್ ಚಿತ್ರದಲ್ಲಿ ಮೊದಲು ಹೊಗೆ, ಆಮೇಲೆ ನೆಲದ ಮೇಲೆ ಬಿದ್ದವರು, ಆಮೇಲೆ ಓಡುವವರು. ಐದೇ ನಿಮಿಷದಲ್ಲಿ ಓಡುವವರೆಲ್ಲ ಒಂದೇ ದಿಕ್ಕಿಗೆ ತಿರುಗಿದರು. ಸೇತುವೆಯ ಕಡೆಗೆ, ಅಂದರೆ ಸುಲ್ವಾಳ ಓಣಿಯ ಕಡೆಗೆ. ಕೈಯಲ್ಲಿ ಕೋಲು, ಕತ್ತಿ, ಅಲ್ಲಲ್ಲಿ ಬಂದೂಕು. ನನ್ನ ಫೋನು ರಿಂಗಾಯಿತು.

"ಏನ್ರೀ ಅದು ಸಪ್ಪಳ?" ನೀಲಾ ಕೇಳಿದಳು.

"ಕೆಳಗ ಅಕ್ಕಾರ ಕಡೆ ಹೋಗಿ ಬಾಗಲಾ ಹಾಕ್ಕೋರಿ. ಹೊರಗ ಬರಬ್ಯಾಡ್ರಿ."

ಸ್ಕ್ರೀನಿನ ಮೇಲೆ ಇನ್ನೂರು ನಾಡಿಗಳೂ ನೂರು ದಾಟಿದ್ದವು. ಯಾರೂ ಸಾಲು ಬಿಟ್ಟಿರಲಿಲ್ಲ. ಹರ್ಶೂನ್ ದೀಪದವರು. ಅವರ ತಮ್ಮನ ಮನೆಯವರೆಲ್ಲ ಆ ಮೆರವಣಿಗೆಯಲ್ಲಿದ್ದರು, ಫೋನು ಎತ್ತುತ್ತಿರಲಿಲ್ಲ. ಮೂರು ಸಲ ಮಾಡಿ ನೋಡಿ ಫೋನನ್ನು ಮೇಜಿನ ಮೇಲೆ ಇಟ್ಟರು.

"ಹುಲಕುಂದ, ಸೇತುವೆ ಮ್ಯಾಲೆ ನೂರು ಮಂದಿ ಬಾವಿಯವ್ರ ಅದಾರ. ಎದುರು ಬರಾವ್ರು ನಮ್ಮ ಮಂದಿ. ಒಬ್ಬ ಬಾವಿಯಾವ ಗುಂಡು ಹಾರಿಸಿದ್ರ ಮುಗೀತು. ಪಂಗಡ ಬೀಗ ಹಾಕು. ಬಾವಿಯವರ್ದು ಬಂದ್ ಮಾಡು."

"ಆಗೂದಿಲ್ರಿ ಸಾಹೇಬ್ರ."

"ಹುಕುಂ ಇದು."

ಮೂರು ವಾರ ನುಂಗಿಟ್ಟದ್ದನ್ನು ಆಗ ಹೇಳಿದೆ. ಅರ್ಧದಷ್ಟು ಜೋಡಿಗಳು ಪಟ್ಟಿ ಬದಲಾಯಿಸಿಕೊಂಡಿವೆ, ಒತ್ತಿದರೆ ಯಾರ ಬಂದೂಕು ಮುಚ್ಚುತ್ತದೆ, ಯಾರದು ತೆರೆಯುತ್ತದೆ ನನಗೇ ಗೊತ್ತಿಲ್ಲ ಎಂದೆ. ತಟ್ಟೆಯ ವಿಷಯ ಹೇಳಿದೆ. ನನ್ನ ಕಿವಿಗೇ ಅದು ಆ ಗಳಿಗೆಗೆ ಹೊಸೆದ ಕಥೆಯಂತೆ ಕೇಳಿಸಿತು.

"ಇಷ್ಟ ದಿನ ಯಾಕ ಹೇಳಲಿಲ್ಲ?"

ನಾನು ಸ್ಕ್ರೀನಿನ ಕಡೆ ಮುಖ ತಿರುಗಿಸಿದೆ.

"ಬಾವಿಯವರ ಮನ್ಯಾಗ ಬಾಡಗಿ ಅದಿ. ಅವರ ರೊಟ್ಟಿ ತಿಂದಿ" ಎಂದರು ಹರ್ಶೂನ್. ಕೂಗಲಿಲ್ಲ, ಬೇಸತ್ತವರಂತೆ ಹೇಳಿದರು. ಆಮೇಲೆ ಅಧ್ಯಕ್ಷರಿಗೆ ಫೋನು ಹಚ್ಚಿದರು. ಅಧ್ಯಕ್ಷರು ನಗರದ ಆಚೆ ಹೋಟೆಲಿನಲ್ಲಿದ್ದರು. ನಾನು ಫೋನಿಗೆ ಕೈ ಹಾಕಹೋದೆ, ಒಬ್ಬ ಆಪರೇಟರ್ ನನ್ನ ತೋಳು ಹಿಡಿದುಕೊಂಡ. ಅಧ್ಯಕ್ಷರು ತಮ್ಮ ಸಂಕೇತ ಓದಿ ಹೇಳಿದ್ದು ಕೇಳಿಸಿತು, ಎಂಟು ಅಂಕಿ, ನಿಧಾನವಾಗಿ, ಎರಡು ಸಲ.

ಹತ್ತು ಐವತ್ತೆರಡಕ್ಕೆ ಬಾವಿಯವರ ಹೆಸರುಗಳೆಲ್ಲ ಸ್ಕ್ರೀನಿನ ಮೇಲೆ ಕೆಂಪಾದವು.

ಇಲ್ದಾರ್ ಎಂಬ ಹೆಸರೂ ಕೆಂಪಾಯಿತು. ಆ ಪಟ್ಟಿ ತೋಮಿರನ ಕೈಯಲ್ಲಿತ್ತು. ಅಂದರೆ ದೀಪದ ಹುಡುಗನ ಬಂದೂಕು ಸತ್ತುಹೋಯಿತು. ಬಾವಿಯ ಹುಡುಗ ಇಲ್ದಾರನ ಬಂದೂಕು ಯಾರ ಹಂಗೂ ಇಲ್ಲದೆ ತೆರೆದುಕೊಂಡಿತು, ಎದುರಿಗೆ ಅವನ ಅಣ್ಣನನ್ನು ಕೊಂದವರ ಜನ. ಸೇತುವೆಯ ಮೇಲೆ ಅಂಥ ಐವತ್ತಾರು ಜೋಡಿ ಇದ್ದವು. ಬೀಗದ ಸ್ಥಿತಿ ತೋರಿಸುವ ಸಣ್ಣ ಬಲ್ಬು ಬಂದೂಕಿನ ಮೇಲೇ ಇರುವುದರಿಂದ ಅವರಿಗೂ ತಕ್ಷಣ ಗೊತ್ತಾಯಿತು. ಡ್ರೋನಿನಲ್ಲಿ ಸಾಲಿನ ತಲೆಗಳು ಪಕ್ಕಕ್ಕೆ ತಿರುಗಿದ್ದು ಕಂಡಿತು. ಜೋಡಿ ಜೋಡಿಯ ಮುಖ ನೋಡಿತು.

ನಾನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ ಯಂತ್ರ ಅಲ್ಲಿಗೆ ಮುಗಿದಿತ್ತು. ಇನ್ನು ಮುಂದಿನದು ಆ ಹುಡುಗರಿಗೆ ಬಿಟ್ಟದ್ದು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಗುಂಡು ಹಾರಲಿಲ್ಲ. ಒಬ್ಬ ಸಾಲಿನಿಂದ ಮುಂದೆ ಬಂದು ಬಂದೂಕನ್ನು ನೆಲದ ಮೇಲಿಟ್ಟ. ಎತ್ತರದ ಹುಡುಗ. ಎರಡೂ ಕೈ ಮೇಲೆತ್ತಿ ಗುಂಪಿನ ಕಡೆ ನಡೆದ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಹತ್ತು ಜನ, ಎಲ್ಲರೂ ದೀಪದವರು, ತಮ್ಮದೇ ಜನರನ್ನು ತಡೆಯಲು ಹೊರಟವರು. ಗುಂಪಿನ ಮುಂಭಾಗ ನಿಂತಿತು. ಮಾತು ನಡೆಯುತ್ತಿರುವಂತೆ ಕಂಡಿತು. ಹರ್ಶೂನ್ ಸ್ಕ್ರೀನಿಗೆ ಮುಖ ಹತ್ತಿಸಿ ನೋಡುತ್ತಿದ್ದರು.

ಎಲ್ಲಿಂದಲೋ ಒಂದು ಗುಂಡು ಬಂತು. ಮಾಳಿಗೆಯಿಂದ ಎಂದು ಆಮೇಲೆ ಹೇಳಿದರು, ಯಾರ ಮಾಳಿಗೆ ಎಂದು ಇವತ್ತಿಗೂ ತಿಳಿದಿಲ್ಲ. ಎತ್ತರದ ಹುಡುಗ ಕುಸಿದ. ಸ್ಕ್ರೀನಿನ ಮೇಲೆ ಇಲ್ದಾರ್ ಎಂಬ ಹೆಸರಿನ ಮುಂದಿನ ಅಂಕಿ ಇಳಿಯುತ್ತ ಬಂದು ಸೊನ್ನೆಯಾಯಿತು.

ಸುಲ್ವಾಳ ಮಗ ಅಲ್ಲ ಎಂದು ನನ್ನ ಎದೆ ಹಗುರಾಯಿತು. ಅದನ್ನು ಮುಚ್ಚಿಡುವುದಿಲ್ಲ. ಒಂದು ಕ್ಷಣ ಹಗುರಾಯಿತು, ಮರುಕ್ಷಣ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಒಬ್ಬ ಸಿಪಾಯಿ ಓಡಿಹೋಗಿ ಬಿದ್ದವನ ಮೇಲೆ ಅಡ್ಡಬಿದ್ದ. ಅವನ ಬಂದೂಕು ಎರಡು ಸಲ ಹಾರಿದ್ದು ದಾಖಲೆಯಲ್ಲಿದೆ. ಆಕಾಶಕ್ಕೋ ಯಾರ ಮೇಲೋ ದಾಖಲೆ ಹೇಳುವುದಿಲ್ಲ. ಆದರೆ ಗುಂಪಿನಲ್ಲಿ ಯಾರೂ ಬೀಳಲಿಲ್ಲ. ತಮ್ಮವನೇ ಸತ್ತದ್ದು ನೋಡಿಯೋ ಏನೋ, ಗುಂಪು ಹಿಂದೆ ಸರಿಯಿತು. ರೇಡಿಯೋದಲ್ಲಿ ಇಲ್ದಾರನ ಧ್ವನಿ ಬಂತು. "ಮಾಸ್ತರ್ರ, ತೋಮಿರ್ ಬಿದ್ದಾನ. ಡಾಕ್ಟರ್ನ ಕಳಸ್ರಿ. ಉಸಿರಿಲ್ಲ, ಆದ್ರೂ ಕಳಸ್ರಿ."

ಹರ್ಶೂನ್ ನನ್ನ ಕಡೆ ತಿರುಗಿದರು. ಸ್ಕ್ರೀನಿನಲ್ಲಿ ಸತ್ತವನ ಧ್ವನಿ ರೇಡಿಯೋದಲ್ಲಿ ಬಂದದ್ದನ್ನು ಅವರೂ ಕೇಳಿದ್ದರು. ಹಾಗೆಯೇ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಅಷ್ಟರಲ್ಲಿ ನನಗೆ ಇನ್ನೊಂದು ನೆನಪಾಯಿತು. ಸಿಪಾಯಿಯ ನಾಡಿ ಮನೆಯವರ ಫೋನಿನಲ್ಲೂ ಕಾಣುತ್ತಿತ್ತು, ಅದು ಒಂದೂವರೆ ನಿಮಿಷ ನಿಂತರೆ ಅವರಿಗೆ ತಾನಾಗಿಯೇ ಸಾವಿನ ಸುದ್ದಿ ಹೋಗುವ ವ್ಯವಸ್ಥೆ ಇತ್ತು. ಸತ್ತವರ ಹೆಸರುಗಳು ಎಲ್ಲ ಸಿಪಾಯಿಗಳ ಮನೆಗಳಿಗೂ ಹೋಗುತ್ತಿದ್ದವು. ಆಯೋಗಕ್ಕೆ ಅದೊಂದು ದೊಡ್ಡ ಹೆಮ್ಮೆ.

ನಾನು ಮನೆ ಮುಟ್ಟಿದಾಗ ಹನ್ನೆರಡು ಗಂಟೆ. ಬಾಗಿಲು ತೆರೆದೇ ಇತ್ತು. ಸುಲ್ವಾ ನೆಲದ ಮೇಲೆ ಕೂತಿದ್ದಳು, ಫೋನು ಎದುರಿಗೆ. ಅಳುತ್ತಿರಲಿಲ್ಲ. ನೀಲಾ ಆಕೆಯ ಬೆನ್ನು ಸವರುತ್ತಿದ್ದಳು.

"ಅಕ್ಕಾರ, ಸುದ್ದಿ ತಪ್ಪು. ಇಲ್ದಾರ್ ಬದುಕ್ಯಾನ. ನಾನು ಅವನ ಧ್ವನಿ ಕೇಳೇನಿ."

ಆಕೆ ನಂಬಲಿಲ್ಲ. ಮೂರು ಸಲ ಹೇಳಿಸಿದಳು. ಕೊನೆಗೆ ಬ್ಯಾರಕ್ಕಿನ ಫೋನಿನಲ್ಲಿ ಇಲ್ದಾರನನ್ನೇ ಹಿಡಿದು ಕೊಟ್ಟೆ. "ಅವ್ವಾ" ಎಂದು ಅವನು ಅಂದದ್ದೇ ತಡ, ಆಕೆ ಹಣೆಯನ್ನು ನೆಲಕ್ಕೆ ಹಚ್ಚಿ ಅತ್ತಳು. ಬಹಳ ಹೊತ್ತು ಅತ್ತಳು. ಮಗ ಅತ್ತ ಏನು ಹೇಳುತ್ತಿದ್ದನೋ ಕೇಳಿಸಲಿಲ್ಲ. ಆಮೇಲೆ ಎದ್ದು ಕೂತು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

"ಹೋದಾವ ಆ ಹುಡುಗ ಏನು? ತಟ್ಟಿ ತೊಳೀಲಿಕ್ಕೆ ಎದ್ದಾವ?"

"ಹೌದ್ರಿ."

"ಅವನ ತಾಯಿ ಅದಾಳೇನು?"

"ಅದಾಳ. ಸೇತುವೆ ಆಚೀಕ, ಗಾಣದ ಓಣ್ಯಾಗ."

"ಆಕೀಗೆ ಸುದ್ದಿ ಹೋಗೈತಿ?"

"ಇಲ್ರಿ. ಆಕೀ ಫೋನಿನ್ಯಾಗ ಮಗ ಆರಾಮ ಅದಾನ. ಆ ಪಟ್ಟಿ ನಿಮ್ಮ ಮಗನ ಕೈಯಾಗೈತಿ."

ಸುಲ್ವಾ ಎದ್ದಳು. ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ" ಎಂದಳು. ಹನ್ನೊಂದು ವರ್ಷದಿಂದ ಆಕೆ ಆ ಸೇತುವೆ ದಾಟಿರಲಿಲ್ಲ. ಇವತ್ತು ದಾಟುವ ದಿನವೂ ಅಲ್ಲ ಎಂದು ನಾನೂ ನೀಲಾಳೂ ಎಷ್ಟು ಹೇಳಿದರೂ ಕೇಳಲಿಲ್ಲ. ಸೇತುವೆಯ ಮೇಲೆ ಸಿಪಾಯಿಗಳು ಆಕೆಯನ್ನು ಗುರುತಿಸಿ ದಾರಿ ಬಿಟ್ಟರು. ನಾಲ್ವರು ಜೊತೆಗೇ ನಡೆದು ಬಂದರು, ಇಬ್ಬರು ಬಾವಿಯವರು, ಇಬ್ಬರು ದೀಪದವರು. ಅಥವಾ ಹಾಗೆಂದು ನಾನು ಅಂದುಕೊಂಡೆ.

ಗಾಣದ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ತೋಮಿರನ ತಾಯಿ ಸಣ್ಣ ಆಳಿನ ಹೆಂಗಸು, ಸುಲ್ವಾಳಿಗಿಂತ ಚಿಕ್ಕವಳು. ಬಾಗಿಲು ತೆರೆದು, ಸುಲ್ವಾಳ ಕೈಯ ನೀಲಿ ದಾರ ನೋಡಿ ಹಿಂದೆ ಸರಿದಳು. ಆಮೇಲೆ ನನ್ನ ಮೈಮೇಲಿನ ಆಯೋಗದ ಸಮವಸ್ತ್ರ ನೋಡಿದಳು.

"ಇವ್ರು ಇಲ್ದಾರನ ತಾಯಿ" ಎಂದೆ.

ಆ ಹೆಂಗಸಿನ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ಸುಲ್ವಾಳ ಕೈ ಹಿಡಿದುಕೊಂಡಳು. "ಫೋನಿನ್ಯಾಗ ಸತ್ತಾವ್ರ ಹೆಸರಿನ್ಯಾಗ ನಿಮ್ಮ ಮಗನ ಹೆಸರು ನೋಡಿದೆ ಅಕ್ಕಾ. ನನ್ನ ಮಗ ಮನೀಗೆ ಬಂದಾಗೆಲ್ಲ ಅವನ ಸುದ್ದೀನ ಹೇಳತಿದ್ದ. ನಿಮ್ಮಾವ ಹೋಗಿ ನನ್ನಾವ ಉಳದಾನ, ನಿಮ್ಮ ಮಾರಿ ಹೆಂಗ ನೋಡ್ಲಿ ನಾನು." ತನ್ನ ಮಾತು ಸುಳ್ಳಲ್ಲ ಎಂದು ತೋರಿಸುವಂತೆ ಫೋನು ಮುಂದೆ ಹಿಡಿದಳು.

ಸುಲ್ವಾ ಫೋನು ನೋಡಲಿಲ್ಲ. ಆಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಕೂಡಿಸಿದಳು, ತಾನೂ ಪಕ್ಕದಲ್ಲಿ ಕೂತು ಹಿಡಿದ ಕೈ ಬಿಡಲಿಲ್ಲ.

"ತಂಗೀ, ಹೋದಾವ ನಮ್ಮ ಮಗ" ಎಂದಳು. "ನಿನ್ನ ಹೊಟ್ಟ್ಯಾಗ ಹುಟ್ಟಿದಾವ."

ಆ ತಾಯಿಯ ತೊಡೆಯ ಮೇಲೆ ಬಿದ್ದಿದ್ದ ಫೋನು, ತೋಮಿರ್ ಎಂಬ ಹೆಸರಿನ ಮುಂದೆ ನಿಮಿಷಕ್ಕೆ ತೊಂಬತ್ತಾರು ಎಂದು ಇನ್ನೂ ತೋರಿಸುತ್ತಿತ್ತು.